ಮಂಡ್ಯ–ಮೈಸೂರು 45 ಕಿಲೋಮೀಟರ್: ಎಲ್ಲಾ ಇಲಾಖೆ ಕೆಲಸವೂ ಮುಂದೆ ಹೋಯ್ತು, ಹತ್ತಿರದ ಓಡಾಟ ಮಾತ್ರ ಯಾರ ಪಟ್ಟಿಗೂ ಬರ್ಲಿಲ್ಲ

ಮಂಡ್ಯದಿಂದ ಮೈಸೂರಿಗೆ ಹೆಚ್ಚು ಕಮ್ಮಿ 45 ಕಿಲೋಮೀಟರ್. ಕಳೆದ ಹತ್ತು ಹದಿನೈದು ವರ್ಷದಲ್ಲಿ ಈ ದಾರಿಗೆ ಬಂದಷ್ಟು ಯೋಜನೆ ನಮ್ಮ ಕಡೆ ಬೇರೆ ಯಾವ ದಾರಿಗೂ ಬಂದಿಲ್ಲ ಅನ್ಸುತ್ತೆ, ರೈಲು ಡಬಲ್ ಲೈನ್ ಆಯ್ತು, ಕರೆಂಟ್ ಇಂಜಿನ್ ಬಂತು, ಎಕ್ಸ್‌ಪ್ರೆಸ್‌ವೇ ಬಂತು, ವಂದೇ ಭಾರತ್ ಬಂತು, ಹೆಂಗಸರಿಗೆ ಬಸ್ಸು ಫ್ರೀ ಆಯ್ತು. ಒಂದೊಂದೂ ದೊಡ್ಡ ಕೆಲಸವೇ, ಒಂದೊಂದಕ್ಕೂ ಹಗಲು ರಾತ್ರಿ ದುಡಿದೋರಿದ್ದಾರೆ. ಆದ್ರೆ ಇದೇ ದಾರೀಲಿ ಯಲಿಯೂರಿಂದ ಮಂಡ್ಯಕ್ಕೆ, ತೂಬಿನಕೆರೆಯಿಂದ ಪಟ್ಣಕ್ಕೆ (ಶ್ರೀರಂಗಪಟ್ಟಣನ ನಾವು ಹಂಗೇ ಕರೆಯೋದು), ಗಣಂಗೂರಿಂದ ಮೈಸೂರಿಗೆ ದಿನಾ ಓಡಾಡೋ ಜನಕ್ಕೆ ಈ ಯೋಜನೆಗಳಲ್ಲಿ ಎಷ್ಟು ಪಾಲು ಸಿಕ್ತು ಅಂತ ಕೂತು ಲೆಕ್ಕ ಹಾಕಿದ್ರೆ ಬೇಜಾರಾಗುತ್ತೆ. ಐದು, ಹತ್ತು, ಇಪ್ಪತ್ತು ಕಿಲೋಮೀಟರಿನ ಓಡಾಟ ಯಾವ ಇಲಾಖೆ ಆದ್ಯತೆ ಪಟ್ಟಿಯಲ್ಲೂ ಮೇಲೆ ಬಂದಿಲ್ಲ. ಯಾಕೆ ಹಿಂಗಾಯ್ತು, ಏನು ಮಾಡಿದ್ರೆ ಸರಿ ಹೋಗುತ್ತೆ, ಅದನ್ನ ಈ ಒಂದು ದಾರಿ ಇಟ್ಕೊಂಡೇ ಪೂರ್ತಿ ಬರೀತಿದ್ದೀನಿ.

ಮೊದಲು ಈ ದಾರೀಲಿ ಓಡಾಡೋರು ಯಾರು ಅಂತ ಹೇಳ್ಬಿಡ್ತೀನಿ. ಬೆಂಗಳೂರಿಂದ ಮೈಸೂರಿಗೆ ಕಾರಲ್ಲಿ ಹೋಗೋರು ಎಲ್ಲರ ಕಣ್ಣಿಗೂ ಬೀಳ್ತಾರೆ, ಅವರ ಟೈಮ್ ಎಷ್ಟು ಉಳೀತು ಅನ್ನೋದು ಪೇಪರ್‌ನಲ್ಲೂ ಬರುತ್ತೆ. ಕಣ್ಣಿಗೆ ಬೀಳದೇ ಇರೋರು ಅಂದ್ರೆ ತೂಬಿನಕೆರೆ ಕೈಗಾರಿಕಾ ಪ್ರದೇಶಕ್ಕೆ ಶಿಫ್ಟಿಗೆ ಹೋಗೋರು, ಶ್ರೀರಂಗಪಟ್ಟಣ ಪಾಂಡವಪುರ ಕಡೆ ಹಳ್ಳಿಗಳಿಂದ ಮೈಸೂರು ಕಾಲೇಜಿಗೆ ಬರೋ ಮಕ್ಕಳು, ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಚೀಟಿ ಹಿಡ್ಕೊಂಡು ಹೋಗೋ ವಯಸ್ಸಾದವರು, ಹೂವು ಸೊಪ್ಪು ಮಾರೋರು, ಮೈಸೂರಿನ ಹೆಬ್ಬಾಳ ಮೇಟಗಳ್ಳಿ ಹೂಟಗಳ್ಳಿ ಫ್ಯಾಕ್ಟರಿಗಳಿಗೆ ಕಾವೇರಿ ನದಿ ದಾಟಿ ಬರೋರು. ಇವರಲ್ಲಿ ಬಹಳಷ್ಟು ಜನಕ್ಕೆ ಕಾರಿಲ್ಲ, ಎಷ್ಟೋ ಮನೇಲಿ ಒಂದೇ ಬೈಕು, ಅದನ್ನ ಮನೆ ಗಂಡಸು ತಗೊಂಡು ಹೋಗಿರ್ತಾನೆ.

ಇನ್ನು ಈ 45 ಕಿಲೋಮೀಟರ್ ಯಾರ ಕೈಲಿದೆ? ಮೈನ್ ರಸ್ತೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಅದಕ್ಕೆ ಬಂದು ಸೇರೋ ಊರು ರಸ್ತೆಗಳು ಲೋಕೋಪಯೋಗಿ ಇಲಾಖೆದೋ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದೋ ಆಗಿರುತ್ತೆ. ಬಸ್ಸು ಕೆಎಸ್‌ಆರ್‌ಟಿಸಿದು, ಆದ್ರೆ ಅದರೊಳಗೂ ಮಂಡ್ಯ ವಿಭಾಗ ಬೇರೆ, ಮೈಸೂರು ನಗರ ವಿಭಾಗ ಬೇರೆ, ಮೈಸೂರು ಗ್ರಾಮಾಂತರ ವಿಭಾಗ ಬೇರೆ. ರೈಲು ನೈಋತ್ಯ ರೈಲ್ವೆದು, ಅಲ್ಲೂ ಮಂಡ್ಯ ಸ್ಟೇಷನ್ ಬೆಂಗಳೂರು ಡಿವಿಷನ್ನು, ಮೈಸೂರು ಸ್ಟೇಷನ್ ಮೈಸೂರು ಡಿವಿಷನ್ನು. ಗಾಡಿ ನಂಬರ್ ನೋಡಿದ್ರೆ ಮಂಡ್ಯದ್ದು ಕೆಎ 11, ಮೈಸೂರಿದ್ದು ಕೆಎ 09 ಮತ್ತು ಕೆಎ 55, ಅಂದ್ರೆ ಆರ್‌ಟಿಓನೂ ಬೇರೆ ಬೇರೆ. ಮಂಡ್ಯಕ್ಕೆ ನಗರಸಭೆ, ಶ್ರೀರಂಗಪಟ್ಟಣಕ್ಕೆ ಪುರಸಭೆ, ಮೈಸೂರಿಗೆ ಪಾಲಿಕೆ, ಮಧ್ಯೆ ಸಾಲು ಸಾಲು ಗ್ರಾಮ ಪಂಚಾಯ್ತಿ. ನಗರಾಭಿವೃದ್ಧಿ ಪ್ರಾಧಿಕಾರ ಮಂಡ್ಯಕ್ಕೊಂದು ಮೈಸೂರಿಗೊಂದು. ಪೊಲೀಸ್ ನೋಡಿದ್ರೆ ಮಂಡ್ಯ ಎಸ್ಪಿ, ಮೈಸೂರು ಎಸ್ಪಿ, ಮೈಸೂರು ಸಿಟಿ ಕಮಿಷನರ್. ಇಬ್ಬರು ಡಿಸಿ. ಶ್ರೀರಂಗಪಟ್ಟಣ ಮೈಸೂರಿಗೆ 15 ಕಿಲೋಮೀಟರ್ ಹತ್ರ, ಜನದ ಮಟ್ಟಿಗೆ ಅದು ಮೈಸೂರಿನ ಅಂಗಳವೇ, ಆದ್ರೆ ಕಾಗದದಲ್ಲಿ ಮಂಡ್ಯ ಜಿಲ್ಲೆ. ಬೆಳಗೊಳ, ಪಾಲಹಳ್ಳಿ, ಕೆಆರ್‌ಎಸ್ ಎಲ್ಲಾ ಹಂಗೇ.

ಈಗ ಒಬ್ಬೊಬ್ಬರದೂ ಪ್ರಗತಿ ನೋಡೋಣ.

ಎಕ್ಸ್‌ಪ್ರೆಸ್‌ವೇ

ಹಿಂದೆ ಇದು ಸ್ಟೇಟ್ ಹೈವೇ 17. ನಾಲ್ಕು ಲೇನ್ ಇತ್ತು, ಪ್ರತಿ ಊರಿನ ಗೇಟ್ ಮುಂದೆ ಬಸ್ಸು ನಿಲ್ತಿತ್ತು, ಕೈ ಅಡ್ಡ ಇಟ್ರೆ ಹತ್ತಿಸ್ಕೊಳ್ತಿದ್ರು. ಅಪಘಾತವೂ ಜಾಸ್ತಿ ಇತ್ತು, ಅದನ್ನ ಮರೀಬಾರ್ದು. ಅದೇ ದಾರಿ ರಾಷ್ಟ್ರೀಯ ಹೆದ್ದಾರಿ 275 ಆಗಿ, ಬೆಂಗಳೂರು–ಮೈಸೂರು ನಡುವೆ 118 ಕಿಲೋಮೀಟರ್, ಮಧ್ಯೆ ಆರು ಲೇನ್ ಮತ್ತೆ ಎರಡೂ ಬದಿ ಎರಡೆರಡು ಲೇನ್ ಸರ್ವಿಸ್ ರಸ್ತೆ ಅಂತ ಆಯ್ತು. ಸುಮಾರು 8,480 ಕೋಟಿ ಖರ್ಚು. 2023ರ ಮಾರ್ಚ್ 12ಕ್ಕೆ ಪ್ರಧಾನಿ ಮಂಡ್ಯ ಜಿಲ್ಲೆಗೇ ಬಂದು ಉದ್ಘಾಟನೆ ಮಾಡಿದ್ರು. ಮೂರು ಗಂಟೆ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತೆ ಅನ್ನೋದು ಅವತ್ತಿನ ಮುಖ್ಯ ಮಾತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಹಿಂಗೆ ಐದು ಬೈಪಾಸ್. ದೂರದವರಿಗೆ ನಿಜವಾಗ್ಲೂ ಉಪಕಾರ ಆಯ್ತು, ಆಂಬುಲೆನ್ಸಿಗೂ ಆಯ್ತು.

ಶುರುವಿನ ತಿಂಗಳುಗಳಲ್ಲಿ ಸಾವು ನೋವು ತುಂಬಾ ಆಯ್ತು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮೈನ್ ರಸ್ತೆಗೆ ಬರೋ ಹಾಗಿಲ್ಲ ಅಂತ ನಿಷೇಧ ಬಂತು, 100ರ ಸ್ಪೀಡ್ ಮಿತಿ ಬಿಗಿ ಮಾಡಿದ್ರು, ಕ್ಯಾಮೆರಾ ಹಾಕಿದ್ರು, ಬೇಲಿ ಭದ್ರ ಮಾಡಿದ್ರು, ಸಾವು ಇಳೀತು. ಈ ವಿಷಯ ನಾನು ಬೇಕಂತಲೇ ಎತ್ತಿ ಹೇಳ್ತಿದ್ದೀನಿ, ಯಾಕಂದ್ರೆ ಪೊಲೀಸ್, ಹೆದ್ದಾರಿ ಪ್ರಾಧಿಕಾರ, ಜಿಲ್ಲಾಡಳಿತ ಮೂರೂ ಒಂದೇ ಗುರಿ ಇಟ್ಕೊಂಡು, ಒಂದೇ ಲೆಕ್ಕವನ್ನ ತಿಂಗಳು ತಿಂಗಳು ನೋಡ್ಕೊಂಡು ಕೆಲಸ ಮಾಡಿದ್ರೆ ಫಲ ಸಿಗುತ್ತೆ ಅನ್ನೋದಕ್ಕೆ ಇದೇ ರಸ್ತೆ ಸಾಕ್ಷಿ.

ಆದ್ರೆ ನಿಷೇಧ ಬಂದ ದಿನದಿಂದ ಊರಿನ ಜನದ ಓಡಾಟ ಎಲ್ಲಾ ಸರ್ವಿಸ್ ರಸ್ತೆಗೆ ಬಂತಲ್ಲ, ಆ ಸರ್ವಿಸ್ ರಸ್ತೆ ಅದಕ್ಕೆ ರೆಡಿ ಇದೆಯಾ ಅಂತ ಯಾರೂ ಅಷ್ಟೇ ಶ್ರದ್ಧೆಯಿಂದ ನೋಡ್ಲಿಲ್ಲ. ರೈಲ್ವೆ ಸೇತುವೆ ಬರೋ ಕಡೆ ಸರ್ವಿಸ್ ರಸ್ತೆ ತುಂಡಾಗೋದುಂಟು, ಆಗ ಸುತ್ತಿ ಬಳಸಿ ಊರೊಳಗಿಂದ ಹೋಗ್ಬೇಕು. ಅಂಡರ್‌ಪಾಸ್ ಬೇಕು ಅಂತ ಹನಕೆರೆ ಜನ ರಸ್ತೆಗಿಳಿದು ಹೋರಾಟ ಮಾಡಿದ್ದು ನಮ್ಮ ಜಿಲ್ಲೇಲಿ ಎಲ್ಲರಿಗೂ ಗೊತ್ತು. ಒಂದು ಊರಿನ ಮನೆ ಈ ಕಡೆ, ಗದ್ದೆ ಆ ಕಡೆ ಆದಾಗ ಒಂದು ಅಂಡರ್‌ಪಾಸ್ ಎಲ್ಲಿ ಬರುತ್ತೆ ಅನ್ನೋದು ಆ ಊರಿನ ದಿನದ ಬದುಕನ್ನೇ ತೀರ್ಮಾನ ಮಾಡುತ್ತೆ, ಅದನ್ನ ಡಿಪಿಆರ್ (ವಿವರವಾದ ಯೋಜನಾ ವರದಿ) ಹಂತದಲ್ಲೇ ಗ್ರಾಮ ಪಂಚಾಯ್ತಿ ಮುಂದೆ ನಕ್ಷೆ ಇಟ್ಟು ಕೇಳ್ಬೇಕಿತ್ತು.

ಮೇಲೆ ಹೋಗೋ ಬಸ್ಸು, ಕೆಳಗೆ ನಿಂತ ಜನ

ಸಂಜೆ ಶಿಫ್ಟ್ ಬಿಡೋ ಹೊತ್ತಿಗೆ ತೂಬಿನಕೆರೆ ಹತ್ರ ಸರ್ವಿಸ್ ರಸ್ತೇಲಿ ನಿಂತು ನೋಡಿ. ಟಿಫನ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡ ಹೆಣ್ಮಕ್ಕಳು ಗುಂಪು ಗುಂಪಾಗಿ ಬೇಲಿ ಪಕ್ಕ ನಿಂತಿರ್ತಾರೆ, ಬೆನ್ನ ಹಿಂದೆ ಆ ಬೇಲಿಯಾಚೆ ಕೆಂಪು ಬಸ್ಸು, ರಾಜಹಂಸ, ವೋಲ್ವೋ ಎಲ್ಲಾ ಒಂದರ ಹಿಂದೆ ಒಂದು ಜುಯ್ಯಂತ ಹೋಗ್ತಿರುತ್ತೆ, ಯಾವುದೂ ಇವರಿಗಲ್ಲ. ಕೆಳಗೆ ಸರ್ವಿಸ್ ರಸ್ತೇಲಿ ಬರೋ ಬಸ್ಸು ಮಂಡ್ಯದಲ್ಲೇ ತುಂಬ್ಕೊಂಡು ಬಂದಿರುತ್ತೆ, ಕಂಡಕ್ಟರ್ ಬಾಗಿಲಲ್ಲಿ ನಿಂತು ಹಿಂದೆ ಬಸ್ ಬರ್ತಿದೆ ಬನ್ನಿ ಅಂತ ಕೈ ತೋರಿಸ್ತಾನೆ, ಅವನೂ ಏನು ಮಾಡ್ತಾನೆ, ಕಾಲಿಡೋಕೆ ಜಾಗ ಇರಲ್ಲ. ಅಷ್ಟೊತ್ತಿಗೆ ಪಟ್ಣ ಪಟ್ಣ ಅಂತ ಕೂಗ್ಕೊಂಡು ಒಂದು ಆಟೋ ಬರುತ್ತೆ, ಮೂವರು ಕೂರೋ ಜಾಗದಲ್ಲಿ ಎಂಟು ಜನ ಕೂತು ಹೋಗ್ತಾರೆ. ಕತ್ತಲಾದ ಮೇಲೆ ಈ ಜಾಗದಲ್ಲಿ ನಿಲ್ಲೋದು ಹೆಣ್ಮಕ್ಕಳಿಗೆ ಎಷ್ಟು ಕಷ್ಟ ಅಂತ ಬೇರೆ ಹೇಳ್ಬೇಕಾಗಿಲ್ಲ. ಕಾರ್ಖಾನೆ ಬಸ್ಸು ಇರೋರು ಪುಣ್ಯವಂತರು.

ಮಂಡ್ಯ ಬಸ್ ಸ್ಟ್ಯಾಂಡಲ್ಲೂ ಮೈಸೂರು ಸಬರ್ಬನ್ ಸ್ಟ್ಯಾಂಡಲ್ಲೂ ಈಗ ಜನ ಬಸ್ ಹತ್ತೋಕೆ ಮುಂಚೆ ಕೇಳೋ ಪ್ರಶ್ನೆ ಒಂದೇ: ಒಳಗೆ ಹೋಗುತ್ತಾ, ಬೈಪಾಸಾ? ಮುಂಚೆ ಈ ಪ್ರಶ್ನೆನೇ ಇರ್ಲಿಲ್ಲ. ಬೆಂಗಳೂರು–ಮೈಸೂರು ನಾನ್‌ಸ್ಟಾಪ್ ಬಸ್ಸಿಗೆ ಬೈಪಾಸ್ ಲಾಭ, ಟೈಮ್ ಉಳಿಯುತ್ತೆ, ಅದಕ್ಕೆ ಟೋಲ್ ಲೆಕ್ಕದಲ್ಲಿ 2023ರ ಮಾರ್ಚ್‌ನಲ್ಲಿ ಸಾರಿಗೆ ಬಸ್ಸಿಗೆ 15, ರಾಜಹಂಸಕ್ಕೆ 18, ಮಲ್ಟಿ ಆಕ್ಸಲ್‌ಗೆ 20 ರೂಪಾಯಿ ಬಳಕೆದಾರರ ಶುಲ್ಕ ಅಂತ ಟಿಕೆಟ್ಟಿಗೆ ಸೇರಿಸಿದ್ರು. ಒಳಗೆ ಹೋಗೋ ಬಸ್ಸಿಗೆ ಸ್ಟಾಪ್ ಜಾಸ್ತಿ, ಟೈಮ್ ಜಾಸ್ತಿ, ಹತ್ತು ಕಿಲೋಮೀಟರಿನ ಸಣ್ಣ ಟಿಕೆಟ್ಟುಗಳೇ ಜಾಸ್ತಿ. ಡಿಪೋ ಭಾಷೇಲಿ ಇಪಿಕೆಎಂ ಅಂತಾರೆ, ಒಂದು ಕಿಲೋಮೀಟರ್ ಓಡಿದ್ರೆ ಎಷ್ಟು ಆದಾಯ ಬಂತು ಅನ್ನೋ ಲೆಕ್ಕ. ಆ ಲೆಕ್ಕದಲ್ಲಿ ದೂರದ ಬಸ್ಸು ಚೆನ್ನಾಗಿ ಕಾಣುತ್ತೆ, ಹಳ್ಳಿ ಹಳ್ಳೀಲಿ ನಿಂತು ಹೋಗೋ ಶಟಲ್ ಸೊರಗಿದ ಹಾಗೆ ಕಾಣುತ್ತೆ. ಡಿಪೋ ಮ್ಯಾನೇಜರ್‌ನ ಬೈದು ಏನೂ ಪ್ರಯೋಜನ ಇಲ್ಲ, ಅವರನ್ನ ಅಳೆಯೋ ಅಳತೆಗೋಲೇ ಹಂಗಿದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನನ್ನ ಪ್ರಕಾರ ಈ ದಾರೀಲಿ ಹತ್ತಿರದ ಓಡಾಟಕ್ಕೆ ಸಿಕ್ಕಿದ ಅತಿ ದೊಡ್ಡ ಸಹಾಯ ಅದೇ. ಬಸ್ ಚಾರ್ಜಿಗೆ ಹೆದರಿ ಕೆಲಸಕ್ಕೆ ಹೋಗದೇ ಇದ್ದೋರು ಹೋಗೋಕೆ ಶುರು ಮಾಡಿದ್ರು, ತವರಿಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಹೋಗೋದಕ್ಕೆ ಯಾರನ್ನೂ ದುಡ್ಡು ಕೇಳೋ ಹಾಗಿಲ್ಲ. ಜನ ಇಷ್ಟು ಜಾಸ್ತಿ ಆಗ್ತಾರೆ ಅಂದ್ಮೇಲೆ ಬಸ್ಸೂ ಅದಕ್ಕೆ ತಕ್ಕ ಹಾಗೆ ಜಾಸ್ತಿ ಆಗ್ಬೇಕಲ್ವಾ, ಅದೂ ಯಾವ ಹೊತ್ತಲ್ಲಿ ಯಾವ ಸ್ಟಾಪಲ್ಲಿ ಜನ ಉಳೀತಿದ್ದಾರೆ ಅಂತ ನೋಡಿ ಜಾಸ್ತಿ ಆಗ್ಬೇಕು. ಶೂನ್ಯ ಟಿಕೆಟ್ ಪ್ರತಿಯೊಂದೂ ಎಲ್ಲಿ ಹತ್ತಿದ್ರು ಎಲ್ಲಿ ಇಳಿದ್ರು ಅನ್ನೋ ಲೆಕ್ಕ ಇಟ್ಕೊಂಡೇ ಬರುತ್ತೆ, ಟಿಕೆಟ್ ಮಿಷಿನ್‌ನಲ್ಲಿ ಎಲ್ಲಾ ಇದೆ. ಮಂಡ್ಯ–ಮೈಸೂರು ನಡುವೆ ಹತ್ತಿರದ ಓಡಾಟ ಎಷ್ಟು ಅಂತ ತಿಳ್ಕೊಳ್ಳೋಕೆ ಹೊಸದಾಗಿ ಸರ್ವೆ ಮಾಡೋ ಅವಶ್ಯಕತೆನೇ ಇಲ್ಲ, ಆ ಟಿಕೆಟ್ ಲೆಕ್ಕ ತೆಗೆದು ಎರಡು ಜಿಲ್ಲೆ ಅಧಿಕಾರಿಗಳು ಒಂದೇ ಟೇಬಲ್ ಮೇಲೆ ಹರಡಿ ನೋಡಿದ್ರೆ ಸಾಕು. ಹತ್ತಲಾಗದೇ ನಿಂತೇ ಉಳಿದೋರ ಲೆಕ್ಕ ಮಾತ್ರ ಮಿಷಿನ್‌ಗೆ ಸಿಗಲ್ಲ, ಅದಕ್ಕೆ ಸಂಜೆ ಹೊತ್ತು ಯಾರಾದ್ರೂ ಸ್ಟಾಪಲ್ಲಿ ನಿಂತು ಎಣಿಸ್ಬೇಕು.

ರೈಲು

ರೈಲಿನ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ, ಯಾಕಂದ್ರೆ ಇಲಾಖೆಗಳು ಒಟ್ಟಿಗೆ ಕೂತ್ರೆ ಏನಾಗುತ್ತೆ ಅನ್ನೋದು ಇಲ್ಲೇ ಚೆನ್ನಾಗಿ ಕಾಣೋದು. ಡಬಲ್ ಲೈನ್ ಕೆಲಸ ಎಲ್ಲಾ ಕಡೆ ಮುಗೀತಾ ಬಂದ್ರೂ ಶ್ರೀರಂಗಪಟ್ಟಣದಲ್ಲಿ ಮಾತ್ರ ವರ್ಷಗಟ್ಟಲೆ ನಿಂತೋಯ್ತು. ಕಾರಣ ಟಿಪ್ಪು ಕಾಲದ ಮದ್ದಿನ ಮನೆ, ಇಟ್ಟಿಗೆ ಗಾರೆಯ ಸಂರಕ್ಷಿತ ಕಟ್ಟಡ, ಹೊಸ ಹಳಿ ಹೋಗೋ ಜಾಗದಲ್ಲೇ ಇತ್ತು. ಒಡೆಯೋ ಹಾಗಿಲ್ಲ, ಹಳಿ ತಿರುಗಿಸೋ ಹಾಗಿಲ್ಲ. ಕೊನೆಗೆ ರೈಲ್ವೆ ದುಡ್ಡು ಕೊಡ್ತು, ಪುರಾತತ್ವ ಇಲಾಖೆ ಒಪ್ಪಿಗೆ ಕೊಡ್ತು, ಸುಮಾರು ಸಾವಿರ ಟನ್ ಕಟ್ಟಡವನ್ನ ಬುಡಸಮೇತ ಜಾಕ್ ಮೇಲೆ ಎತ್ತಿ ನೂರು ಮೀಟರಿಗಿಂತ ದೂರ ಸರಿಸಿ 2017ರಲ್ಲಿ ಹೊಸ ಜಾಗದಲ್ಲಿ ಇಟ್ರು. ಒಂದು ಇಟ್ಟಿಗೆ ಕಟ್ಟಡ ಉಳಿಸ್ಕೊಂಡು ಹಳಿ ಹಾಕೋಕೆ ಇಷ್ಟು ಇಲಾಖೆಗಳು ಕೂತು ಮಾತಾಡೋಕೆ ಆಯ್ತು ಅಂದ್ಮೇಲೆ ಒಂದು ಬಸ್ ಸ್ಟಾಪಿಗೆ ಯಾಕೆ ಆಗಲ್ಲ? ಆಗ ಆಗಿದ್ದು ಯಾಕಂದ್ರೆ ಆ ಕಟ್ಟಡ ಸರಿಯೋ ತನಕ ಇಡೀ ಯೋಜನೆ ಮುಗಿಯೋ ಹಾಗಿರ್ಲಿಲ್ಲ. ಬಸ್ ಸ್ಟಾಪ್ ಇಲ್ಲದೇ ಇದ್ರೆ ಯಾವ ಯೋಜನೆಯೂ ನಿಲ್ಲಲ್ಲ, ಜನ ಮಾತ್ರ ನಿಲ್ತಾರೆ.

ಡಬಲ್ ಲೈನ್ ಆದ್ಮೇಲೆ ರೈಲು ಜಾಸ್ತಿ ಆಯ್ತು, ಕ್ರಾಸಿಂಗಿಗೆ ಕಾಯೋದು ತಪ್ತು. 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಶುರುವಾಯ್ತು. ಎಷ್ಟೋ ಬೆಂಗಳೂರು ರೈಲು ಈಗ ಮೈಸೂರು ಸ್ಟೇಷನ್ನಲ್ಲೇ ನಿಲ್ಲದೆ ಅಶೋಕಪುರಂ ತನಕ ಹೋಗುತ್ತೆ, ಕುವೆಂಪುನಗರ ಜಯನಗರ ಕಡೆಯೋರಿಗೆ ಅದು ದೊಡ್ಡ ಅನುಕೂಲ. ಕೋವಿಡ್ ಆದ್ಮೇಲೆ ಪ್ಯಾಸೆಂಜರ್ ರೈಲಿಗೆಲ್ಲಾ ಎಕ್ಸ್‌ಪ್ರೆಸ್ ಚಾರ್ಜ್ ಹಾಕಿ ಕನಿಷ್ಠ ಟಿಕೆಟ್ 30 ರೂಪಾಯಿ ಮಾಡಿದ್ರು, 2024ರ ಫೆಬ್ರವರಿ ಕೊನೇಲಿ ಅದು ಮತ್ತೆ 10 ರೂಪಾಯಿಗೆ ಬಂತು. ಆ ಮಧ್ಯದ ವರ್ಷಗಳಲ್ಲಿ ಬ್ಯಾಡರಹಳ್ಳಿಯಿಂದ ಮೈಸೂರಿಗೆ ದಿನಾ ಹೋಗೋ ಮನುಷ್ಯನ ಮೇಲೆ ಎಷ್ಟು ಹೊರೆ ಬಿತ್ತು ಅಂತ ಯೋಚನೆ ಮಾಡಿ.

ಮಂಡ್ಯ ದಾಟಿದ್ರೆ ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರು. ಹಳಿ ಇದೆ, ಕರೆಂಟ್ ಇದೆ, ಸ್ಟೇಷನ್ ಇದೆ, ಟಿಕೆಟ್ ಅಗ್ಗ. ಇದಕ್ಕಿಂತ ಒಳ್ಳೆ ಲೋಕಲ್ ರೈಲು ಮಾರ್ಗ ಹೊಸದಾಗಿ ಕಟ್ಟೋಕೆ ಹೊರಟ್ರೆ ಸಾವಿರಾರು ಕೋಟಿ ಬೇಕು, ನಮಗೆ ಅದು ಕಟ್ಟಿಟ್ಟ ಹಾಗೇ ಇದೆ. ಕೊರತೆ ಇರೋದು ಎರಡು ಕಡೆ. ಒಂದು, ಫ್ಯಾಕ್ಟರಿ ಶಿಫ್ಟು ಮತ್ತೆ ಕಾಲೇಜ್ ಟೈಮಿಗೆ ಹೊಂದೋ ಮೆಮು (ಕರೆಂಟಲ್ಲಿ ಓಡೋ ಲೋಕಲ್ ರೈಲು) ಸಾಲದು, ಇರೋ ಕೆಲವನ್ನ ದೂರದ ರೈಲಿಗೆ ದಾರಿ ಬಿಡೋಕೆ ಸಣ್ಣ ಸ್ಟೇಷನ್ನಲ್ಲಿ ನಿಲ್ಲಿಸ್ತಾರೆ. ಇನ್ನೊಂದು, ಸ್ಟೇಷನ್ನಿಂದ ಆಚೆ ಬಂದ್ರೆ ಬಸ್ಸಿಲ್ಲ. ಪಾಂಡವಪುರ ಸ್ಟೇಷನ್ ಊರೊಳಗಿಲ್ಲ, ಊರಿಂದ ಆಚೆ ಇದೆ, ರೈಲಿಳಿದೋರು ಆಟೋಗೆ ಕೊಡೋ ದುಡ್ಡು ರೈಲು ಟಿಕೆಟ್ಟಿಗಿಂತ ಜಾಸ್ತಿ. ರೈಲ್ವೆ ಟೈಮ್ ಟೇಬಲ್ ಮಾಡೋರು ಬಸ್ ಟೈಮ್ ನೋಡಲ್ಲ, ಬಸ್ ಶೆಡ್ಯೂಲ್ ಮಾಡೋರು ರೈಲು ಟೈಮ್ ನೋಡಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡಿಸೋ ಜವಾಬ್ದಾರಿ ಯಾರಿಗೂ ಕೊಟ್ಟಿಲ್ಲ.

ಮೈಸೂರು ಕಡೆಯ ತುದಿ

ಎಕ್ಸ್‌ಪ್ರೆಸ್‌ವೇ ಬಂದು ಮೈಸೂರಲ್ಲಿ ಮಣಿಪಾಲ್ ಆಸ್ಪತ್ರೆ ಜಂಕ್ಷನ್ ಹತ್ರ ಹೊರ ವರ್ತುಲ ರಸ್ತೆಗೆ ಮುಟ್ಟುತ್ತೆ. 75 ನಿಮಿಷದಲ್ಲಿ ಬಂದ ಗಾಡಿಗಳೆಲ್ಲಾ ಅಲ್ಲಿ ಸಿಗ್ನಲ್ಲಿಗೆ ನಿಲ್ತವೆ, ಫ್ಲೈಓವರ್ ಬೇಕು ಅನ್ನೋ ಮಾತು ಬಹಳ ದಿನದಿಂದ ಇದೆ. ರಿಂಗ್ ರೋಡ್ 42 ಕಿಲೋಮೀಟರ್ ಚಿಲ್ಲರೆ, ಆರು ಲೇನ್, ಮುಡಾ ಅಂದ್ರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಕಟ್ಟಿದ್ದು, ಆ ಪ್ರಾಧಿಕಾರ ಈಗ ಎಂಡಿಎ ಆಗಿದೆ. ಈ ರಸ್ತೆಯ ಬೀದಿದೀಪಕ್ಕೆ ಯಾರು ದುಡ್ಡು ಹಾಕ್ಬೇಕು, ಕರೆಂಟ್ ಬಿಲ್ ಯಾರು ಕಟ್ಬೇಕು ಅನ್ನೋ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೀತು, ಅಷ್ಟೂ ವರ್ಷ ಕತ್ತಲಲ್ಲೇ ಜನ ಓಡಾಡಿದ್ರು. ಒಂದೇ ಜಿಲ್ಲೆ, ಒಂದೇ ಊರಿನ ಸಂಸ್ಥೆಗಳ ನಡುವೆನೇ ಹಂಗಾದ್ರೆ ಎರಡು ಜಿಲ್ಲೆ ನಡುವೆ ಏನು ಗತಿ.

ಈ ರಿಂಗ್ ರೋಡ್ ಸುತ್ತ 2020ರ ಹೊತ್ತಿಗೆ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿಗಳು ಹುಟ್ಟಿದ್ವು, ಈಗ ಎಲ್ಲಾ ಸೇರಿಸಿ ಬೃಹತ್ ಮೈಸೂರು ಪಾಲಿಕೆ ಮಾಡೋ ಮಾತಿದೆ. ಫ್ಯಾಕ್ಟರಿಗಳಿರೋದು ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಕಡೆ, ಅಂದ್ರೆ ಊರಿನ ಉತ್ತರ ಪಶ್ಚಿಮಕ್ಕೆ. ಶ್ರೀರಂಗಪಟ್ಟಣ ಕಡೆಯಿಂದ ಬರೋರಿಗೆ ರಿಂಗ್ ರೋಡಲ್ಲಿ ಬಲಕ್ಕೆ ತಿರುಗಿದ್ರೆ ನೇರ. ಆದ್ರೆ ಬಸ್ಸಲ್ಲಿ ಬರೋನು ಊರೊಳಗೆ ಸಬರ್ಬನ್ ಸ್ಟ್ಯಾಂಡಿಗೆ ಹೋಗ್ಬೇಕು, ಅಲ್ಲಿಂದ ಸಿಟಿ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಇನ್ನೊಂದು ಬಸ್ಸಲ್ಲಿ ಮತ್ತೆ ಊರಾಚೆಗೆ. ಪ್ಯಾಲೇಸ್ ಹತ್ರ ಏನೂ ಕೆಲಸ ಇಲ್ಲದ ಸಾವಿರಾರು ಜನ ಬೆಳಗ್ಗೆ ಬೆಳಗ್ಗೆ ಪ್ಯಾಲೇಸ್ ಹತ್ರ ಬರ್ಬೇಕಾಗಿರೋದು ಊರಿನ ಟ್ರಾಫಿಕ್ಕಿಗೂ ಒಳ್ಳೇದಲ್ಲ. ಮೈಸೂರಿನ ಸಿಟಿ ಬಸ್ ರೂಟುಗಳು ಹೆಚ್ಚಿನವು ಮಧ್ಯಕ್ಕೆ ಬಂದು ಮುಗಿಯೋ ಹಾಗೆ ಕಟ್ಟಿರೋದು, ಮೈಸೂರು ಅಷ್ಟೇ ಇದ್ದ ಕಾಲಕ್ಕೆ ಅದು ಸರಿ ಇತ್ತು.

ಮೈಸೂರು ಬಸ್ ವಿಷಯದಲ್ಲಿ ಹಿಂದೆ ಬಿದ್ದ ಊರೇನಲ್ಲ, ಹೆಮ್ಮೆಯಿಂದ ಹೇಳ್ಕೋಬಹುದು. ಜೆನರ್ಮ್ (ಕೇಂದ್ರದ ನಗರ ನವೀಕರಣ ಯೋಜನೆ) ಕಾಲದಲ್ಲಿ ಹೊಸ ಬಸ್ಸು, ಹೊಸ ನಿಲ್ದಾಣ ಬಂತು. 2012ರಲ್ಲಿ ವಿಶ್ವಬ್ಯಾಂಕ್ ಸಹಾಯದಲ್ಲಿ ಮಿತ್ರ ಅನ್ನೋ ವ್ಯವಸ್ಥೆ ಬಂದು ಸುಮಾರು 500 ಬಸ್ಸಿಗೆ ಜಿಪಿಎಸ್ ಹಾಕಿ, ಸ್ಟಾಪಲ್ಲಿ ಬಸ್ ಯಾವಾಗ ಬರುತ್ತೆ ಅಂತ ಬೋರ್ಡ್ ತೋರಿಸ್ತಿತ್ತು, ದೇಶದಲ್ಲಿ ಅದು ಆಗ ಹೊಸ ವಿಷಯ. 2017ರಲ್ಲಿ ಟ್ರಿನ್ ಟ್ರಿನ್ ಸೈಕಲ್ ಬಂತು, 450 ಸೈಕಲ್ಲು, 48 ಸ್ಟ್ಯಾಂಡು. ಪ್ರಯೋಗ ಮಾಡೋ ಧೈರ್ಯ ಈ ಊರಿಗೆ ಇದೆ. ಎಲ್ಲಾ ಪ್ರಯೋಗವೂ ಊರಿನ ಗಡಿಯೊಳಗೇ ಉಳೀತು, ಶುರು ಮಾಡಿದ ಜೋರಲ್ಲಿ ನಡೆಸ್ಕೊಂಡು ಹೋಗೋಕೆ ದುಡ್ಡು ಇಡ್ಲಿಲ್ಲ, ಎಷ್ಟೋ ಸ್ಟಾಪಲ್ಲಿ ಬೋರ್ಡು ಕೆಟ್ಟು ನಿಂತ್ವು. ಮುಂದೆ ಏನೇ ಮಾಡಿದ್ರೂ ಹತ್ತು ವರ್ಷ ನಡೆಸೋ ಖರ್ಚು ಮೊದಲೇ ತೆಗೆದಿಡ್ಬೇಕು.

ಕೂರಿಸೋರು ಯಾರು

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿತ್ತು, ದೊಡ್ಡ ಊರುಗಳಿಗೆ ರಸ್ತೆ, ಬಸ್ಸು, ರೈಲು ಎಲ್ಲಾ ಒಟ್ಟಿಗೆ ನೋಡೋ ಒಂದು ಸಾರಿಗೆ ಪ್ರಾಧಿಕಾರ ಇರ್ಬೇಕು ಅಂತ. ಕರ್ನಾಟಕ 2007ರಲ್ಲೇ ನಗರ ಭೂಸಾರಿಗೆ ನಿರ್ದೇಶನಾಲಯ ಮಾಡ್ತು, ಡಲ್ಟ್ ಅಂತೀವಲ್ಲ ಅದು, ಮೈಸೂರಿಗೂ ಪ್ಲಾನ್ ಮಾಡಿಸ್ತು, ಒಳ್ಳೆ ಕೆಲಸ ಮಾಡಿದೆ. ಕಾನೂನಿನ ಬಲ ಇರೋ ಪ್ರಾಧಿಕಾರ ಸಿಕ್ಕಿದ್ದು ಬೆಂಗಳೂರಿಗೆ, 2022ರ ಬಿಎಂಎಲ್‌ಟಿಎ (ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ) ಕಾಯ್ದೆಯಿಂದ. ಮೈಸೂರಿಗೆ ಅಂಥದ್ದು ಇಲ್ಲ, ಮಂಡ್ಯದಂಥ ಊರಿನ ಬಗ್ಗೆ ಆ ಮಾತೇ ಎದ್ದಿಲ್ಲ.

ಜಿಲ್ಲಾ ಯೋಜನಾ ಸಮಿತಿ ಅಂತ ಸಂವಿಧಾನದ 243 ಝಡ್‌ಡಿ ವಿಧಿ ಪ್ರಕಾರ ಪ್ರತಿ ಜಿಲ್ಲೇಲೂ ಇದೆ, ಪಂಚಾಯ್ತಿ ಮತ್ತೆ ಪುರಸಭೆಗಳ ಯೋಜನೆ ಒಟ್ಟುಗೂಡಿಸೋದು ಅದರ ಕೆಲಸ, ಆದ್ರೆ ಅದು ಜಿಲ್ಲೆ ಗಡಿಗೆ ನಿಲ್ಲುತ್ತೆ. ಗಡಿ ದಾಟೋ ಅವಕಾಶ ಇರೋದು ಮಹಾನಗರ ಯೋಜನಾ ಸಮಿತಿಗೆ, ಮುಂದಿನ ವಿಧಿಯಲ್ಲೇ ಇದೆ. ಹತ್ತು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ, ಒಂದು ಅಥವಾ ಹೆಚ್ಚು ಜಿಲ್ಲೆಗೆ ಸೇರಿದ ಪ್ರದೇಶವನ್ನ ಮಹಾನಗರ ಪ್ರದೇಶ ಅಂತ ಗುರುತಿಸ್ಬಹುದು. 2011ರ ಗಣತೀಲಿ ಮೈಸೂರು ನಗರ ಸಮೂಹದ ಜನಸಂಖ್ಯೆ 9.9 ಲಕ್ಷದ ಹತ್ರ, ಅಂದ್ರೆ ಒಂದು ಕೂದಲೆಳೆ ಕಮ್ಮಿ. 2027ರ ಗಣತಿ ಲೆಕ್ಕ ಬಂದಾಗ ಹತ್ತು ಲಕ್ಷ ದಾಟದೇ ಇರೋಕೆ ಸಾಧ್ಯನೇ ಇಲ್ಲ. ಆಗ ಆ ಪ್ರದೇಶದ ಗೆರೆ ಎಳೆಯುವಾಗ ಶ್ರೀರಂಗಪಟ್ಟಣ, ಬೆಳಗೊಳ, ಪಾಲಹಳ್ಳಿಯನ್ನ ಒಳಗೆ ಸೇರಿಸ್ಕೊಳ್ಳಿ ಅಂತ ಎರಡೂ ಜಿಲ್ಲೆ ಶಾಸಕರು ಈಗ್ಲೇ ಕೇಳ್ಬೇಕು. ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೇಲೇ ಇರ್ಲಿ, ಅದರಲ್ಲಿ ಯಾರಿಗೂ ತಕರಾರಿಲ್ಲ, ಮಂಡ್ಯದೋರಿಗೆ ಪಟ್ಣ ಅಂದ್ರೆ ಅಭಿಮಾನ, ಕಿರಂಗೂರಿನ ಬನ್ನಿಮಂಟಪದಲ್ಲಿ ದಸರಾ ಶುರುವಾಗೋದನ್ನ ನೋಡಿದೋರಿಗೆ ಅದು ಗೊತ್ತು. ಸಾರಿಗೆ ಪ್ಲಾನ್ ಮಾತ್ರ ಒಂದೇ ಆಗ್ಲಿ.

ಅಲ್ಲಿ ತನಕ ಕಾಯ್ಬೇಕು ಅಂತೇನಿಲ್ಲ. ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ಬಸ್ಸು ನಿಲ್ಲೋ ಜಾಗವನ್ನ ಸ್ಥಳೀಯ ಸಂಸ್ಥೆ ಜೊತೆ ಮಾತಾಡಿ ಗುರುತು ಮಾಡ್ಬಹುದು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಡಿಸಿನೇ ಅಧ್ಯಕ್ಷರು, ರಸ್ತೆ ಸುರಕ್ಷತಾ ಸಮಿತಿಗೂ ಡಿಸಿನೇ ಅಧ್ಯಕ್ಷರು. ಇಬ್ಬರು ಡಿಸಿಗಳು ಮೂರು ತಿಂಗಳಿಗೊಮ್ಮೆ ಜಂಟಿ ಸಭೆ ಕರೆದು, ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರು, ಕೆಎಸ್‌ಆರ್‌ಟಿಸಿ ಮೂರು ವಿಭಾಗದ ನಿಯಂತ್ರಣಾಧಿಕಾರಿಗಳು, ರೈಲ್ವೆ ಎರಡೂ ಡಿವಿಷನ್ನವರನ್ನ ಕೂರಿಸಿದ್ರೆ ಹೊಸ ಕಾಯ್ದೆ ಏನೂ ಬೇಕಾಗಿಲ್ಲ. ಆ ಸಭೇಲಿ ಮೊದಲು ತಗೋಬೇಕಾದ್ದು ಸರ್ವಿಸ್ ರಸ್ತೆಯ ಬಸ್ ಸ್ಟಾಪ್, ಯಾಕಂದ್ರೆ ಖರ್ಚು ಕಮ್ಮಿ, ಉಪಕಾರ ಜಾಸ್ತಿ, ತಡ ಮಾಡೋಕೆ ಕಾರಣ ಇಲ್ಲ. ಬಸ್ಸು ಪಕ್ಕಕ್ಕೆ ನಿಲ್ಲೋಕೆ ಒಂದು ಬೇ, ಒಂದು ಲೈಟು, ಊರಿನ ಹೆಸರು, ಮಳೆಗೆ ನಿಲ್ಲೋಕೆ ಮೇಲ್ಛಾವಣಿ, ಬೇಲಿಯಾಚೆ ದಾಟೋಕೆ ಸೇತುವೆ ಎಲ್ಲಿದೆಯೋ ಅದಕ್ಕೆ ಅಂಟಿಕೊಂಡ ಹಾಗೇ ಸ್ಟಾಪ್. ಈಗ ಹಂಗಿಲ್ಲ, ಶಾಸಕರ ನಿಧಿಯಲ್ಲಿ ಎಲ್ಲಿ ಜಾಗ ಸಿಕ್ತೋ ಅಲ್ಲಿ ತಂಗುದಾಣ ಕಟ್ಟಿರ್ತಾರೆ, ಬಸ್ಸು ಇನ್ನೆಲ್ಲೋ ನಿಲ್ಲುತ್ತೆ.

ಎರಡನೇದು ಮಂಡ್ಯ–ಮೈಸೂರು ಶಟಲ್, ಸರ್ವಿಸ್ ರಸ್ತೆ ಮತ್ತೆ ಹಳೇ ದಾರಿ ಮೇಲೆ, ಪ್ರತಿ ಗೇಟಲ್ಲೂ ನಿಂತು ಹೋಗೋದು, ಬೆಳಗ್ಗೆ ಸಂಜೆ ಬಿಗಿಯಾದ ಅಂತರದಲ್ಲಿ. ಅದನ್ನ ಯಾವುದಾದ್ರೂ ಒಂದೇ ವಿಭಾಗಕ್ಕೆ ಪೂರ್ತಿ ಒಪ್ಪಿಸ್ಬೇಕು, ಇಬ್ಬರಿಗೆ ಹಂಚಿದ್ರೆ ಇಬ್ಬರೂ ಕೈ ಬಿಡ್ತಾರೆ. ಮೈಸೂರು ಸಿಟಿ ಬಸ್ಸು ಈಗ್ಲೇ ಶ್ರೀರಂಗಪಟ್ಟಣ ಮತ್ತೆ ಕೆಆರ್‌ಎಸ್ ತನಕ ಹೋಗುತ್ತೆ, ಅಂದ್ರೆ ಜಿಲ್ಲೆ ಗಡಿ ಬಸ್ಸಿಗೆ ಅಡ್ಡಿ ಆಗಿಲ್ಲ. ಅದೇ ಬಸ್ಸನ್ನ ತೂಬಿನಕೆರೆ ತನಕ ಎಳೆದ್ರೆ ಅರ್ಧ ಸಮಸ್ಯೆ ತೀರುತ್ತೆ. ರಿಂಗ್ ರೋಡ್ ಜಂಕ್ಷನ್‌ನಿಂದ ಮೇಟಗಳ್ಳಿ ಹೆಬ್ಬಾಳ ಹೂಟಗಳ್ಳಿಗೆ ಒಂದು ಸುತ್ತು ಬಸ್ಸು ಸೇರಿಸಿದ್ರೆ ಇನ್ನೊಂದಷ್ಟು. ಇದಕ್ಕೆ ಇಪಿಕೆಎಂ ಕಮ್ಮಿ ಬರುತ್ತೆ ಅನ್ನೋದು ನಿಜ, ಆ ಕೊರತೆಯನ್ನ ವಿಭಾಗದ ತಲೆ ಮೇಲೆ ಹಾಕದೆ ರಾಜ್ಯದ ನಗರ ಸಾರಿಗೆ ನಿಧಿಯಿಂದ ತುಂಬಿಕೊಡ್ಬೇಕು. 2023ರಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೇಲಿ ಮೈಸೂರೂ ಇದೆ, ಅದರಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ಹತ್ತು ವರ್ಷ ತನಕ ಸಹಾಯ ಇರುತ್ತೆ. ಆ ಬಸ್ಸು ಬಂದಾಗ ಒಂದು ಪಾಲು ನದಿಯಾಚೆಗೂ ಓಡ್ಲಿ ಅಂತ ರೂಟ್ ಪಟ್ಟಿ ಮಾಡೋವಾಗ್ಲೇ ಬರೆಸ್ಬೇಕು.

ರೈಲಿನ ವಿಷಯದಲ್ಲಿ ಪಾಂಡವಪುರ ಮತ್ತೆ ಶ್ರೀರಂಗಪಟ್ಟಣ ಸ್ಟೇಷನ್ನಿಗೆ ಬೆಳಗ್ಗೆ ಸಂಜೆ ಬರೋ ಲೋಕಲ್ ರೈಲುಗಳಿಗೆ ಹೊಂದೋ ಹಾಗೆ ಬಸ್ ಟೈಮ್ ಬದಲಾಯಿಸೋದು ನಾಳೇನೇ ಮಾಡ್ಬಹುದಾದ ಕೆಲಸ, ಹೊಸ ಬಸ್ಸೂ ಬೇಡ. ರೈಲು ಲೇಟಾದ್ರೆ ಬಸ್ಸು ಸ್ವಲ್ಪ ಹೊತ್ತು ಕಾಯ್ಬೇಕು, ಕಾದಿದ್ದಕ್ಕೆ ಡ್ರೈವರ್ ಮೇಲೆ ಮೆಮೋ ಬರಬಾರ್ದು.

ಇನ್ನು ನಾಗನಹಳ್ಳಿ. ಮೈಸೂರು ಸ್ಟೇಷನ್ ಮೇಲಿನ ಒತ್ತಡ ತಗ್ಗಿಸೋಕೆ ಅಲ್ಲಿ ಸ್ಯಾಟಲೈಟ್ ಟರ್ಮಿನಲ್ ಮಾಡೋ ಯೋಚನೆ ರೈಲ್ವೆಗೆ ಬಹಳ ವರ್ಷದಿಂದ ಇದೆ. ಎರಡು ಜಿಲ್ಲೆ ಸೇರೋ ಅಂಚಿನ ಹತ್ರದ ಜಾಗ ಅದು, ಎಕ್ಸ್‌ಪ್ರೆಸ್‌ವೇಗೂ ರಿಂಗ್ ರೋಡಿಗೂ ದೂರ ಇಲ್ಲ. ರೈಲು ಮತ್ತೆ ಬಸ್ಸು ಒಂದೇ ಕಡೆ ಸಿಗೋ ನಿಲ್ದಾಣ ಮಾಡೋಕೆ ಈ ಇಡೀ 45 ಕಿಲೋಮೀಟರಲ್ಲಿ ಅದಕ್ಕಿಂತ ಒಳ್ಳೆ ಜಾಗ ನನಗೆ ಕಾಣ್ತಿಲ್ಲ. ರೈಲ್ವೆ ತನ್ನ ಜಾಗದಲ್ಲಿ ಪ್ಲಾಟ್‌ಫಾರ್ಮ್ ಕಟ್ಟುತ್ತೆ, ಅದಕ್ಕೆ ಹೋಗೋ ಅಗಲ ರಸ್ತೆ ಮತ್ತೆ ಬಸ್ ನಿಲ್ಲೋ ಜಾಗ ಮಾತ್ರ ಎಂಡಿಎ ಮತ್ತೆ ಪಂಚಾಯ್ತಿ ಮಾಡ್ಬೇಕು. ಸುತ್ತ ಲೇಔಟ್ ಏಳ್ತಿದೆ, ಸೈಟ್ ಆದ್ಮೇಲೆ ಗುಂಟೆ ಲೆಕ್ಕದಲ್ಲಿ ಜಾಗ ಬಿಡಿಸ್ಕೊಳ್ಳೋದು ಯಾರಿಂದ್ಲೂ ಆಗಲ್ಲ. ಆ ಬಸ್ ನಿಲ್ದಾಣದ ಜಾಗ ಮತ್ತೆ ರಸ್ತೆ ಅಗಲವನ್ನ ಮಾಸ್ಟರ್ ಪ್ಲಾನ್‌ನಲ್ಲಿ ಈಗ್ಲೇ ಗುರುತು ಹಾಕಿ ಕಾಯ್ದಿರಿಸ್ಬೇಕು, ಜಂಟಿ ಸಭೆ ಯಾವತ್ತು ಆಗುತ್ತೋ ಅವತ್ತೇ ಈ ನಿರ್ಣಯ ಆಗ್ಬೇಕು.